ದಿಲ್ಲಿಗೆ ಸಾಲದ ಮಾರ್ಕ್ಸು

ರಾಜ್ಯದ ಉತ್ತರದ ಗಡಿಗೆ ಹತ್ತಿರದ ಹಾರೂಗೇರಿಯ ಬಸ್ ನಿಲ್ದಾಣದಲ್ಲಿ ಇಳಿದವಳೇ, ಬದನೆಕಾಯಿ ಬುಟ್ಟಿ ಮುಂದಿಟ್ಟುಕೊಂಡು ಕುಳಿತಿದ್ದ ಒಬ್ಬ ಮುದುಕಿಯನ್ನು ಕಾಲೇಜಿಗೆ ದಾರಿ ಯಾವುದೆಂದು ಕೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ನಿಧಾನವಾಗಿ, ಮರಾಠಿಯಲ್ಲಿ ಉತ್ತರ ಕೊಟ್ಟಳು. ಪಾಪ, ನನಗೆ ತಿಳಿಯಲಿ ಎಂದೇ ಹಾಗೆ ಮಾಡಿದ್ದಳು. ನಾನು ಮಾತಾಡಿದ್ದು ಕನ್ನಡ ಎಂದು ಆಕೆಗೆ ಅನ್ನಿಸಿಯೇ ಇರಲಿಲ್ಲ. ಚಾಮರಾಜನಗರದಿಂದ ಒಂದು ಹಗಲು ಒಂದು ರಾತ್ರಿ ಪ್ರಯಾಣ ಮಾಡಿ, ರಾಜ್ಯದ ಗಡಿ ದಾಟದೆಯೇ ನಾನು ಪರದೇಶಿಯಾಗಿದ್ದೆ.

ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಕೆಲಸ ನನ್ನದು. ಮೊದಲ ನೇಮಕವೇ ಇಲ್ಲಿ. ಬೀರಪ್ಪ ಎನ್ನುವವರು ತಮ್ಮ ಮನೆಯ ಮುಂದಿನ ಖೋಲಿಯನ್ನು ನನಗೆ ಬಾಡಿಗೆಗೆ ಕೊಟ್ಟರು. ಖೋಲಿ ಎಂದರೆ ಕೋಣೆ. ಮರಾಠಿಯಿಂದ ಬಂದು ಇಲ್ಲಿಯ ಕನ್ನಡವೇ ಆಗಿಹೋದ ಮಾತು. ಅವರಿಗೆ ಸ್ವಲ್ಪ ಹೊಲ, ಒಂದು ಹಿಂಡು ಕುರಿ. ಬೆಳಿಗ್ಗೆ ಅವರು ಕುರಿ ಹೊಡೆದುಕೊಂಡು ಹೋದರೆ ಬರುವುದು ಹೊತ್ತು ಮುಳುಗುವಾಗ. ಅವರು ನನ್ನನ್ನು ‘ಬಾಯಾರ’ ಎಂದು ಕರೆದಾಗ ಮೊದಮೊದಲು ಬಾಯಾರಿಕೆಯೇ ಎಂದು ನೀರು ತಂದುಕೊಟ್ಟಿದ್ದೇನೆ. ಕಲಿಸುವ ಹೆಂಗಸನ್ನು ಇಲ್ಲಿ ಗೌರವದಿಂದ ಕರೆಯುವುದೇ ಹಾಗೆ ಎಂದು ಅವರ ಹೆಂಡತಿ ಸತ್ಯವ್ವ ನಗುನಗುತ್ತ ತಿಳಿಸಿದರು.

ನಮ್ಮ ಕಡೆ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಇಲ್ಲಿ ಜೋಳದ ರೊಟ್ಟಿಯನ್ನು ಅಗಿಯಬೇಕು, ಅಗಿಯಲು ಪುರಸೊತ್ತು ಬೇಕು. ಊಟಕ್ಕೆ ಅಷ್ಟು ಹೊತ್ತು ಕೊಡುವ ಜನ ಮಾತಿಗೂ ಅಷ್ಟೇ ಹೊತ್ತು ಕೊಡುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ಮೊದಲ ತಿಂಗಳುಗಳಲ್ಲಿ ಮಾತ್ರ ಸಂಜೆಯಾದರೆ ಸಂಕಟವಾಗುತ್ತಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹೋಗುವುದನ್ನು ಕಿಟಕಿಯಲ್ಲಿ ನಿಂತು ನೋಡುತ್ತ, ಯಾರ ಜೊತೆ ಏನು ಮಾತಾಡಲಿ ಎಂದು ತಿಳಿಯದೆ ಒಬ್ಬಳೇ ಇರುತ್ತಿದ್ದೆ. ಆಗೆಲ್ಲ ಬಾಗಿಲು ತಟ್ಟುತ್ತಿದ್ದವಳು ಬೀರಪ್ಪನವರ ಮಗಳು ಮಾಯಕ್ಕ, ನನ್ನದೇ ಕ್ಲಾಸಿನ ವಿದ್ಯಾರ್ಥಿನಿ. ಕೈಯಲ್ಲಿ ಬಿಸಿ ರೊಟ್ಟಿ, ಕಂಕುಳಲ್ಲಿ ಪುಸ್ತಕ.

ಎಸ್ಸೆಸ್ಸೆಲ್ಸಿಯವರೆಗೆ ಕನ್ನಡದಲ್ಲಿ ಓದಿದ ಹುಡುಗಿ. ಪಿಯುಸಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಿ ಕಾಲೇಜಿಗೇ ಮೊದಲಿಗಳಾದಳು. ಫಲಿತಾಂಶ ಬಂದ ದಿನ ಬೀರಪ್ಪನವರ ಮನೆ ನೆಂಟರಿಂದ ತುಂಬಿಹೋಯಿತು. ಪೇಟೆಯ ಹುಡುಗರು ಅವಳ ಫೋಟೋ ಹಾಕಿ, ಕೆಳಗೆ ‘ಭಾವಿ ಡಾಕ್ಟರ್’ ಎಂದು ಬರೆಸಿ ಫ್ಲೆಕ್ಸ್ ಕಟ್ಟಿದರು. ಇಷ್ಟು ಮಾರ್ಕ್ಸಿಗೆ ದಿಲ್ಲಿಯ ದೊಡ್ಡ ಮೆಡಿಕಲ್ ಕಾಲೇಜಿನವರು ತಾವೇ ಕರೆಯುತ್ತಾರೆ ಎಂದು ನೆಂಟರೊಬ್ಬರು ಖಚಿತವಾಗಿ ಹೇಳಿಬಿಟ್ಟಿದ್ದರು. ಎಲ್ಲರೂ ಹೋದಮೇಲೆ ಬೀರಪ್ಪನವರು ನನ್ನ ಖೋಲಿಯ ಕಟ್ಟೆಗೆ ಬಂದು ಕುಳಿತರು.

“ಬಾಯಾರ, ದಿಲ್ಲಿಯವ್ರು ಯಾವಾಗ ಕರೀತಾರ್ರಿ?”

ಮಾಯಕ್ಕ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು, ಅಪ್ಪನಿಗೆ ಹೇಳಲು ಧೈರ್ಯ ಬಂದಿರಲಿಲ್ಲ. ಮೆಡಿಕಲ್ ಸೀಟನ್ನು ಈ ಮಾರ್ಕ್ಸ್ ನೋಡಿ ಕೊಡುವುದಿಲ್ಲ, ಅದಕ್ಕೆ ನೀಟ್ ಎಂಬ ಬೇರೆಯದೇ ಪರೀಕ್ಷೆ ಇದೆ, ಇಡೀ ದೇಶದ ಮಕ್ಕಳು ಅದನ್ನು ಬರೆಯುತ್ತಾರೆ, ಅವರ ನಡುವೆ ಮಾಯಕ್ಕ ಎಷ್ಟನೆಯವಳು ಎಂಬುದರ ಮೇಲೆ ಸೀಟು ಎಂದು ನಾನೇ ಬಿಡಿಸಿ ಹೇಳಿದೆ. ಅವರು ತಲೆಯ ಪಟಗಾ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು. ಆಮೇಲೆ ಎದ್ದು ಕುರಿದೊಡ್ಡಿಯ ಕಡೆ ಹೋದರು.

ಮುಂದಿನ ತಿಂಗಳು ಅವಳು ನೀಟ್ ಬರೆದಳು. ಪಾಸೇನೋ ಆಯಿತು, ಆದರೆ ಯಾವ ಸರ್ಕಾರಿ ಕಾಲೇಜಿಗೂ ಹತ್ತಿರವಿಲ್ಲದ ರ‍್ಯಾಂಕು. ಫ್ಲೆಕ್ಸ್ ಇನ್ನೂ ಹಾಗೇ ಇತ್ತು. ಅದನ್ನು ತಪ್ಪಿಸಲು ಅವಳು ಪೇಟೆಗೆ ಹೋಗುವುದನ್ನೇ ಬಿಟ್ಟಳು. ಒಂದು ಮಧ್ಯಾಹ್ನ ನನ್ನ ಖೋಲಿಗೆ ಬಂದು ಗೋಡೆಗೊರಗಿ ಕುಳಿತು ಕೇಳಿದಳು:

“ಹಂಗಾದ್ರ ನನ್ನ ಮಾರ್ಕ್ಸ್ ಸುಳ್ಳೇನ್ರಿ, ಮೇಡಂ?”

ಸುಳ್ಳಲ್ಲ ಎಂದೆ. ಕೊಟ್ಟ ಪುಸ್ತಕವನ್ನು ಚೆನ್ನಾಗಿ ಓದಿದ್ದಕ್ಕೆ ಸಿಕ್ಕ ಮಾರ್ಕ್ಸ್ ಅದು, ನಿನ್ನದೇ. ಇನ್ನೊಂದು ಪರೀಕ್ಷೆ ಕೇಳುವ ರೀತಿ ಬೇರೆ, ಅದನ್ನು ನಿನಗೆ ಯಾರೂ ಕಲಿಸಲಿಲ್ಲ ಅಷ್ಟೆ.

ಮನೆಯಲ್ಲಿ ನೆಂಟರು ನರ್ಸಿಂಗ್ ಓದಿಸಿ ಎಂದರು, ಮದುವೆ ಮಾಡಿ ಎಂದವರೂ ಇದ್ದರು. ಬೀರಪ್ಪನವರು ಮತ್ತೆ ನನ್ನ ಕಟ್ಟೆಗೆ ಬಂದರು.

“ಇನ್ನೊಂದ್ ವರ್ಷ ಓದಿದ್ರ ಸಿಗ್ತೈತೇನ್ರಿ? ಖರೇ ಹೇಳ್ರಿ. ನನ್ನ ಮಾರಿ ನೋಡಿ ಹೇಳಬ್ಯಾಡ್ರಿ.”

“ಸಿಗಬಹುದು, ಸಿಗದೆಯೂ ಹೋಗಬಹುದು,” ಎಂದೆ. “ದಿಲ್ಲಿಯದಂತೂ ತೀರಾ ಕಷ್ಟ.”

“ದಿಲ್ಲಿ ಬಿಡ್ರಿ. ಡಾಕ್ಟರಕಿ ದಿಲ್ಲ್ಯಾಗ ಅಷ್ಟ ಕಲಿಸ್ತಾರೇನು? ಓದ್ಲಿ ಆಕಿ.”

ಆ ವರ್ಷ ನನ್ನ ಬದುಕಿನ ಒಳ್ಳೆಯ ವರ್ಷ. ಬೆಳಕು ಹರಿಯುವ ಹೊತ್ತಿಗೆ ಮಾಯಕ್ಕ ಹಳೆಯ ಪ್ರಶ್ನೆಪತ್ರಿಕೆಗಳೊಂದಿಗೆ ಬರುತ್ತಿದ್ದಳು. ಭೌತಶಾಸ್ತ್ರ, ರಸಾಯನಶಾಸ್ತ್ರಕ್ಕೆ ಸಹೋದ್ಯೋಗಿಗಳು ಕಾಲೇಜು ಬಿಟ್ಟಮೇಲೆ ಕುಳಿತು ಹೇಳಿಕೊಟ್ಟರು. ತಪ್ಪಾದ ಉತ್ತರ ಯಾಕೆ ತಪ್ಪು ಎಂದು ಹುಡುಕುವುದರಲ್ಲೇ ನಮ್ಮ ಅರ್ಧ ಹೊತ್ತು ಹೋಗುತ್ತಿತ್ತು. ಅದಕ್ಕೆ ಪ್ರತಿಯಾಗಿ ಅವಳು ನನಗೆ ಮರಾಠಿ ಕಲಿಸಿದಳು, ಸತ್ಯವ್ವ ರೊಟ್ಟಿ ಬಡಿಯುವುದನ್ನು ಕಲಿಸಿದರು. ನನ್ನ ಮೊದಲ ದುಂಡನೆಯ ರೊಟ್ಟಿಯನ್ನು ಅವರು ಓಣಿಯವರಿಗೆಲ್ಲ ತೋರಿಸಿ ಬಂದರು. ಜ್ವರ ಬಂದು ಮಲಗಿದಾಗ ನನಗೆ ಗಂಜಿ ಕುಡಿಸಿದ್ದು ಆ ಮನೆ. ನಾನು ಅವರಿಗೆ ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು.

ಎರಡನೆಯ ಸಲ ರ‍್ಯಾಂಕು ಬಹಳ ಮೇಲೆ ಬಂತು. ದಿಲ್ಲಿಗೆ ಸಾಲದು, ಬೆಂಗಳೂರಿಗೂ ಸಾಲದು. ಆದರೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದವರಿಗೆಂದು ಇರುವ ಮೀಸಲಾತಿ ಕೈಹಿಡಿಯಿತು. ಸೀಟು ಸಿಕ್ಕ ಸರ್ಕಾರಿ ಕಾಲೇಜಿನ ಊರಿನ ಹೆಸರು ಮೊಬೈಲಿನಲ್ಲಿ ಓದಿ ನಾನು ಅಲ್ಲೇ ಕುಳಿತೆ. ಚಾಮರಾಜನಗರ.

“ಅದು ಕರ್ನಾಟಕದಾಗ ಐತೇನ್ರಿ?” ಬೀರಪ್ಪನವರು ಆತಂಕದಿಂದಲೇ ಕೇಳಿದರು.

ನಮ್ಮೂರು ಎಂದಾಗ ಅವರು ಹೊಸ ಕಣ್ಣಿನಿಂದ ನನ್ನನ್ನು ನೋಡಿದರು. ಸತ್ಯವ್ವ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು.

ಕಾಲೇಜಿಗೆ ಸೇರಿಸಲು ತಂದೆ ಮಗಳ ಜೊತೆ ನಾನೂ ಹೋದೆ. ಉಳಿದುಕೊಂಡದ್ದು ನನ್ನ ಅಕ್ಕನ ಮನೆಯಲ್ಲಿ. ಅಕ್ಕ ಬಡಿಸಿದ ಮುದ್ದೆಯನ್ನು ಬೀರಪ್ಪನವರು ಅಗಿದು ಅಗಿದು ತಿಂದರು. ಹಾಸ್ಟೆಲಿನಲ್ಲಿ ಮಾಯಕ್ಕನ ಮಾತು ಯಾರಿಗೂ ಪೂರಾ ತಿಳಿಯಲಿಲ್ಲ. ಪ್ರತಿ ಭಾನುವಾರ ಮನೆಗೆ ಬಾ ಎಂದು ಅಕ್ಕ ಅವಳಿಗೆ ತಾಕೀತು ಮಾಡಿದಳು. ಎಲ್ಲ ಕೆಲಸ ಮುಗಿದ ಸಂಜೆ ಅಂಗಳದಲ್ಲಿ ಕುಳಿತಿದ್ದಾಗ, ನಾಳೆ ಊರಿಗೆ ಹೊರಡ್ತೀನಿ ಎಂದೆ.

ಹೂ ಕಟ್ಟುತ್ತಿದ್ದ ಅಕ್ಕ ತಲೆಯೆತ್ತಿದಳು. “ಹಂಗಾದ್ರೆ ಇದ್ಯಾವೂರು?”

ನಾನು ಊರು ಎಂದದ್ದು ಹಾರೂಗೇರಿಯನ್ನು. ಕಾಲೇಜಿನ ಹೊಸ ಬಿಳಿ ಕೋಟನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕುಳಿತಿದ್ದ ಮಾಯಕ್ಕ ಮೆಲ್ಲಗೆ ಕೇಳಿದಳು:

“ನನಗೂ ಹಿಂಗ ಆಗ್ತೈತೇನ್ರಿ, ಮೇಡಂ?”

“ಆಗ್ತೈತಿ ಬಿಡವ್ವ,” ಎಂದೆ. ಅಕ್ಕ ಹೂ ಬಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದಳು.