ಝೆಲ್ಫಾ ಮಿಂಟರ್ ಎಂಬುವಳು ಇಲ್ಲಿಲ್ಲ

ವರ್ಡಿ ಟಾಲಿವರ್‌ಗೆ ಮನುಷ್ಯರ ಮೇಲೆ ನಂಬಿಕೆ ಕಡಿಮೆ. ಅಂಚೆಯವನು ನಕ್ಕರೆ ಇವನಿಗೇನೋ ಬೇಕಾಗಿದೆ ಅನ್ನುವಳು, ನಗದಿದ್ದರೆ ಏನೋ ಮುಚ್ಚಿಡುತ್ತಿದ್ದಾನೆ ಅನ್ನುವಳು. ಮಿಸಿಸಿಪ್ಪಿಯ ಗ್ರೀನ್‌ವುಡ್‌ನಲ್ಲಿ, ರೈಲು ಹಳಿಯಾಚೆಯ ಕರಿಯರ ಓಣಿಯಲ್ಲಿ ಅವಳ ಮನೆ. ಅಡುಗೆಮನೆಯಲ್ಲೇ ಕುರ್ಚಿ ಹಾಕಿ, ಒಲೆಯ ಮೇಲೆ ಕಬ್ಬಿಣದ ಬಾಚಣಿಗೆ ಕಾಯಿಸಿ ಹೆಂಗಸರ ಗುಂಗುರು ಕೂದಲನ್ನು ನೆಟ್ಟಗೆ ಮಾಡುವುದು ಇಪ್ಪತ್ತೆರಡು ವರ್ಷಗಳ ಕಸುಬು. ಕಾದ ಬಾಚಣಿಗೆ ಕಿವಿಯ ಪಕ್ಕ ಇರುವಾಗ ಯಾರೂ ಸುಳ್ಳು ಹೇಳುವುದಿಲ್ಲ. ಹಾಗಾಗಿ ಓಣಿಯ ಗುಟ್ಟೆಲ್ಲ ವರ್ಡಿಯ ಹೊಟ್ಟೆಯಲ್ಲಿತ್ತು. ಅವಳದೊಂದೂ ಹೊರಗೆ ಬಂದಿರಲಿಲ್ಲ.

ಅವಳ ದೊಡ್ಡ ಗುಟ್ಟು ಒಳಕೋಣೆಯಲ್ಲಿ ಮಂಚದ ಮೇಲಿತ್ತು. ತಾಯಿ ಝೆಲ್ಫಾ ಹರೆಯದಲ್ಲಿ ಊರೂರು ತಿರುಗುವ ಡೇರೆ ಆಟಗಳಲ್ಲಿ, ಚರ್ಚಿನವರು ಪಾಪವೆನ್ನುವ ಬ್ಲೂಸ್ ಹಾಡಿದವಳು, ಶಿಕಾಗೋದಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ದನಿ ಕೊಟ್ಟವಳು. ಆಮೇಲೆ ನದಿಯಲ್ಲಿ ಮುಳುಗಿ ದೀಕ್ಷೆ ಪಡೆದು ಚರ್ಚಿಗೆ ಸೇರಿದಳು. ಅಂದಿನಿಂದ ಆ ಹಾಡುಗಳ ಸುದ್ದಿ ಎತ್ತಲಿಲ್ಲ. ತಾಯಿಗೆ ಅದು ನಾಚಿಕೆಯ ಸಂಗತಿ ಎಂದು ವರ್ಡಿ ತಾನೇ ತೀರ್ಮಾನಿಸಿಕೊಂಡಿದ್ದಳು.

ಸಾವಿರದ ಒಂಬೈನೂರ ಅರವತ್ತಾರರ ಈಸ್ಟರ್ ಹಿಂದಿನ ಶನಿವಾರ ಬೆಳಿಗ್ಗೆ ಲುವೀನಿಯಾ ಕೂದಲು ನೆಟ್ಟಗೆ ಮಾಡಿಸಿಕೊಳ್ಳಲು ಬಂದಳು. ಚರ್ಚಿನಲ್ಲಿ ವರ್ಡಿಯ ಪಕ್ಕದಲ್ಲೇ ನಿಂತು ಹಾಡುವವಳು. ಕಂಕುಳಲ್ಲಿ ಪತ್ರಿಕೆಯಲ್ಲಿ ಸುತ್ತಿದ ಚಪ್ಪಟೆ ವಸ್ತು.

“ಮೆಂಫಿಸ್ಸಿನ ಅಂಗಡೀಲಿ ಸಿಕ್ತು ಕಣೇ. ಮೇಲಿರೋ ಹೆಸರು ನೋಡು.”

ಎಲ್‌ಪಿ ಆಲ್ಬಂ, ಹಳೆಯ ಹಾಡುಗಳನ್ನು ಹೊಸದಾಗಿ ಅಚ್ಚು ಹಾಕಿದ ದೊಡ್ಡ ತಟ್ಟೆ. ರಟ್ಟಿನ ಮೇಲೆ ಮಣಿಸರ ತೊಟ್ಟ ಹುಡುಗಿಯ ಮಸುಕು ಚಿತ್ರ, ಕೆಳಗೆ ಝೆಲ್ಫಾ ಮಿಂಟರ್ ಎಂಬ ಹೆಸರು. ಲುವೀನಿಯಾ ಅದನ್ನು ಗಟ್ಟಿಯಾಗಿ ಓದಿದಳು.

ವರ್ಡಿ ಬಾಚಣಿಗೆಯನ್ನು ಒಲೆಯ ಮೇಲಿಟ್ಟಳು. “ಇದನ್ನ ಯಾಕೆ ತಂದೆ? ಯಾರು ಕಳಿಸಿದ್ರು? ಪಾದ್ರಿಗೆ ತೋರಿಸಿದೀಯಾ?”

“ಅಯ್ಯೋ ನಿನ್ನ ಅನುಮಾನಕ್ಕಿಷ್ಟು! ನಿಮ್ಮಮ್ಮನ್ನ ಹಾಗೇ ಹೋಲ್ತಾಳಲ್ಲ, ಅದಕ್ಕೆ ತಂದೆ.”

ವರ್ಡಿ ಹಿಂಬದಿ ತಿರುಗಿಸಿ ಓದಿದಳು. ಗಾಯಕಿಯ ಬಗ್ಗೆ ಹೆಚ್ಚು ತಿಳಿದಿಲ್ಲ, ಸಾವಿರದ ಒಂಬೈನೂರ ಮೂವತ್ತೆಂಟರ ಸುಮಾರಿಗೆ ತೀರಿಕೊಂಡಿರಬೇಕು, ಗ್ರೀನ್‌ವುಡ್‌ನಲ್ಲಿ ಮನೆಮನೆ ವಿಚಾರಿಸಿದರೂ ಆಕೆಯ ಹೆಸರು ಕೇಳಿದವರೇ ಸಿಗಲಿಲ್ಲ ಎಂದು ಬರೆದಿತ್ತು.

ಆ ಕೊನೆಯ ಸಾಲನ್ನು ಅವಳು ಇನ್ನೊಮ್ಮೆ ಓದಿದಳು. ಎರಡು ವರ್ಷದ ಹಿಂದೆ, ಆಗಸ್ಟಿನ ಬಿಸಿಲಲ್ಲಿ, ಹೊರರಾಜ್ಯದ ಕಾರಿನಲ್ಲಿ ಬಂದಿದ್ದ ಬಿಳಿಯ ಹುಡುಗ ಇದೇ ಬಾಗಿಲು ತಟ್ಟಿ ಝೆಲ್ಫಾ ಮಿಂಟರ್ ಗೊತ್ತಾ ಎಂದು ಕೇಳಿದ್ದ. ಕೈಯಲ್ಲಿ ಪುಸ್ತಕ, ಪೆನ್ನು. ಮತದ ಹಕ್ಕು ಕೇಳಿದವರ ಮನೆಗಳಿಗೆ ಬೆಂಕಿ ಬೀಳುತ್ತಿದ್ದ ಬೇಸಿಗೆ ಅದು. ಪೆನ್ನು ಹಿಡಿದ ಅಪರಿಚಿತ ಯಾರ ಹೆಸರು ಕೇಳಿದರೂ ಆ ಓಣಿಯಲ್ಲಿ ಯಾರಿಗೂ ಯಾರೂ ಗೊತ್ತಿರುವುದಿಲ್ಲ, ಗೋಡೆಯಾಚೆಯವನೂ ಗೊತ್ತಿರುವುದಿಲ್ಲ. “ಅಂಥ ಹೆಸರೇ ಕೇಳಿಲ್ಲ ಸಾರ್,” ಎಂದು ಇವಳೂ ಬಾಗಿಲು ಮುಚ್ಚಿದ್ದಳು. ಜಾಣತನ ಮಾಡಿದೆನೆಂದು ಅಂದು ಹೆಮ್ಮೆಪಟ್ಟಿದ್ದಳು ಕೂಡ.

“ಯಾರೇ ಅದು, ನನ್ನ ಹೆಸರು ಹೇಳ್ತಿರೋದು?” ಝೆಲ್ಫಾ ಗೋಡೆ ಹಿಡಿದು ಬಂದಳು. ವರ್ಡಿ ಆಲ್ಬಂ ಬಚ್ಚಿಡುವಷ್ಟರಲ್ಲಿ ಲುವೀನಿಯಾ ಅದನ್ನು ಮುದುಕಿಯ ಕೈಗೇ ಕೊಟ್ಟುಬಿಟ್ಟಳು.

ಝೆಲ್ಫಾ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. “ಹಾಕು,” ಎಂದಳು.

ಚರ್ಚಿನ ಹಾಡು ಬಿಟ್ಟು ಬೇರೇನೂ ಹಾಡದಿದ್ದ ಗ್ರಾಮಫೋನ್ ಪೆಟ್ಟಿಗೆ ಗರಗರ ಎಂದಿತು. ಆ ಗದ್ದಲದೊಳಗಿನಿಂದ ದಪ್ಪ, ಧಿಮಾಕಿನ ದನಿಯೊಂದು ಎದ್ದುಬಂತು. ನಲವತ್ತೈದು ವರ್ಷದ ವರ್ಡಿ ತಾಯಿಯ ಆ ದನಿಯನ್ನು ಮೊದಲ ಸಲ ಕೇಳಿದಳು.

“ಪಿಯಾನೋದವನು ಕುಡ್ಕೊಂಡು ಬಂದಿದ್ದ,” ಎಂದು ಝೆಲ್ಫಾ ನಕ್ಕಳು. “ಹಿಂದೆ ಏನು ಬರ್ದಿದಾರೆ?”

ವರ್ಡಿ ತಡವರಿಸಿದಳು. ಲುವೀನಿಯಾ ಮುಂದಿದ್ದಳು, ಸುಳ್ಳು ನಡೆಯುವಂತಿರಲಿಲ್ಲ. ಓದಿ ಹೇಳಿದಳು. “ಅಮ್ಮಾ, ಅವನು ಇಲ್ಲಿಗೂ ಬಂದಿದ್ದ. ಗೊತ್ತಿಲ್ಲ ಅಂದ್ಬಿಟ್ಟೆ. ನೀನು ಮಲಗಿದ್ದೆ.”

“ಮಲಗಿರ್ಲಿಲ್ಲ. ನನ್ನ ಹೆಸರು ಕೇಳಿದ ತಕ್ಷಣ ಎದ್ದು ಬೂಟು ಹಾಕ್ಕೊಂಡು ಕೂತಿದ್ದೆ. ಕರೀತೀಯ ಅಂತ.”

“ಹಾಗಾದ್ರೆ ಹೊರಗೆ ಬರೋದಲ್ವಾ ಅಮ್ಮಾ!”

“ಬಂದು? ಬಿಳಿಯನ ಎದುರು ನನ್ನ ಮಗಳು ಸುಳ್ಳಿ ಅಂತ ತೋರಿಸ್ಲಾ? ಅದೂ ಆ ಬೇಸಿಗೇಲಿ?” ಝೆಲ್ಫಾ ಕುರ್ಚಿ ಎಳೆದು ಪೆಟ್ಟಿಗೆಯ ಹತ್ತಿರ ಕೂತಳು. “ಅವನ ಕಾರು ಹೋಗೋ ತನಕ ಕೆಮ್ಮು ತಡ್ಕೊಂಡಿದ್ದೆ.”

ವರ್ಡಿ ಮುಂಗೈಯಿಂದ ಕಣ್ಣೊರೆಸಿಕೊಂಡಳು. ಊರಿನವರನ್ನೆಲ್ಲ ಅನುಮಾನಿಸಿದವಳು ಒಳಕೋಣೆಯ ಮೌನವನ್ನು ಒಂದು ದಿನವೂ ಅನುಮಾನಿಸಿರಲಿಲ್ಲ. ಹಾಡು ಮುಗಿದು ಸೂಜಿ ಬರಿದೇ ಸುತ್ತುತ್ತಿತ್ತು.

“ಅಳ್ಬೇಡ, ತಿರುವಿ ಹಾಕು,” ಎಂದಳು ಝೆಲ್ಫಾ. “ಸತ್ತವಳು ಆ ಮಗ್ಗುಲಲ್ಲಿ ಏನು ಹಾಡಿದಾಳೆ ಕೇಳೋಣ.”