ಟ್ರಂಕ್‌ಕಾಲ್ ಅಕ್ಕನ ಎಡಗಾಲು

ಟ್ರಂಕ್‌ಕಾಲ್ ಅಕ್ಕನ ಗಂಡ ಮಹಾ ಪ್ರಾಮಾಣಿಕರು. ಇದನ್ನು ಊರವರು ಹೇಳಬೇಕಾದ ಪ್ರಮೇಯವೇ ಬರಲಿಲ್ಲ, ಅವರೇ ಹೇಳಿಕೊಂಡು ಬಂದಿದ್ದಾರೆ. ಮೂವತ್ತೊಂದು ವರ್ಷ ಬ್ರೇಕ್ ಇನ್‌ಸ್ಪೆಕ್ಟರ್ ಆಗಿದ್ದವರು. ಜನಕ್ಕೆ ಲೈಸೆನ್ಸ್ ಕೊಡುವುದು, ಗಾಡಿ ರಸ್ತೆಗೆ ಇಳಿಯಲು ಲಾಯಕ್ಕೋ ಅಲ್ಲವೋ ನೋಡುವುದು ಅವರ ಕೆಲಸ. ಕೊಡುವುದಕ್ಕಿಂತ ಕೊಡದೆ ಕಳಿಸುವುದರಲ್ಲೇ ಅವರಿಗೆ ಹೆಚ್ಚು ಸುಖ. ಹಾರ್ನ್ ಕೀರಲು ಅಂತ ಲಾರಿ ವಾಪಸ್ಸು ಕಳಿಸಿದ್ದರು. ನಂಬರ್ ಪ್ಲೇಟಿನ ಒಂಬತ್ತರ ಬಾಲ ಉದ್ದವಾಯಿತು ಅಂತ ಒಬ್ಬ ಪೇಂಟರನನ್ನು ಮೂರು ಸಲ ಅಲೆಸಿದ್ದರು. ಗ್ಯಾರೇಜುಗಳಲ್ಲಿ ಅವರಿಗೆ ಫೇಲ್ ಸಾಹೇಬರು ಅಂತಲೇ ಹೆಸರು. ಅದು ಕಿವಿಗೆ ಬಿದ್ದಾಗ ಯಾರೋ ಬಿರುದು ಕೊಟ್ಟರೇನೋ ಅನ್ನುವ ಹಾಗೆ ಮೀಸೆ ಸವರಿಕೊಂಡರಂತೆ.

ಪ್ರಾಮಾಣಿಕತೆಗೆ ಪುರಾವೆ ಬೇಡವೇ? ಅದಕ್ಕೆ ಹೆಂಡತಿ ಇದ್ದಳಲ್ಲ. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಆಕೆ ಮೋಟಾರ್‌ಸೈಕಲ್ ಲೈಸೆನ್ಸಿನ ಪರೀಕ್ಷೆಗೆ ಬಂದಾಗ ಸ್ವಂತ ಹೆಂಡತಿ ಅಂತಲೂ ನೋಡದೆ ಫೇಲ್ ಮಾಡಿದವರು ಅವರು. ಈ ಕಥೆಯನ್ನು ಮದುವೆ ಮನೆಯಲ್ಲಿ ಹೇಳಿದ್ದಾರೆ, ಆಸ್ಪತ್ರೆಯ ಸಾಲಿನಲ್ಲಿ ಹೇಳಿದ್ದಾರೆ, ನಲ್ಲಿ ರಿಪೇರಿಗೆ ಬಂದವನನ್ನೂ ಬಿಟ್ಟಿಲ್ಲ. "ಎಂಟು ಹಾಕೋವಾಗ ಎಡಗಾಲು ನೆಲಕ್ಕೆ ತಾಗ್ತು. ಕಣ್ಣಾರೆ ನೋಡ್ದೆ. ಹೆಂಡ್ತಿ ಆದ್ರೇನು, ಕಾನೂನು ಕಾನೂನೇ!" ಇಲ್ಲಿಗೆ ಬರುವಾಗ ದನಿ ಕೊಂಚ ಗದ್ಗದವಾಗುತ್ತದೆ. ಕೇಳಿದವರು ತಲೆದೂಗಬೇಕು. ಪುರಾವೆಯಾದವಳು ಪಕ್ಕದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿರಬೇಕು.

ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪರಊರಿನ ಕರೆ ಜೋಡಿಸುವ ಆಪರೇಟರ್ ಆಗಿದ್ದವಳು. ಊರಿನ ಅರ್ಧ ಜನರ ಹುಟ್ಟು ಸಾವಿನ ಸುದ್ದಿ ಆಕೆಯ ಕಿವಿ ದಾಟಿಯೇ ಹೋಗಿದೆ, ಹಾಗಾಗಿ ಟ್ರಂಕ್‌ಕಾಲ್ ಅಕ್ಕ. ಬೆಳಿಗ್ಗೆ ಆರರ ಪಾಳಿಗೆ ಊರಿನ ಆ ತುದಿಗೆ ಹೋಗಬೇಕು, ಅಷ್ಟು ಹೊತ್ತಿಗೆ ಬಸ್ಸಿಲ್ಲ. ಒಬ್ಬ ಸಹೋದ್ಯೋಗಿಗೆ ವರ್ಗವಾದಾಗ ಅವನ ಕಪ್ಪು ಮೋಟಾರ್‌ಸೈಕಲ್ಲನ್ನು ತನ್ನ ಉಳಿತಾಯದಲ್ಲಿ ಕೊಂಡಳು. ಎಕ್ಸ್‌ಚೇಂಜಿನ ಹಿತ್ತಲಲ್ಲಿ, ಕೇಬಲ್ ಸುತ್ತಿದ ದೊಡ್ಡ ಡ್ರಮ್ಮುಗಳ ಸಂದಿಯಲ್ಲಿ ಕಾಲೂರದೆ ಗಾಡಿ ತಿರುಗಿಸುತ್ತ ಎರಡು ತಿಂಗಳು ಎಂಟು ಹಾಕಿದಳು. ಪರೀಕ್ಷೆಯ ದಿನ ಕಾಲು ತಾಗಲಿಲ್ಲ. ಅದು ಆಕೆಗೆ ಗೊತ್ತು.

"ನನ್ನ ಕಾಲು ನನಗೆ ಗೊತ್ತಿಲ್ವೇನ್ರೀ?" ಅಂತ ಆ ದಿನವೇ ಕೇಳಿದ್ದಳು.

"ಗಡಿಬಿಡೀಲಿ ನಿನಗೆ ಗೊತ್ತಾಗಿಲ್ಲ ಕಣೇ" ಅಂದಿದ್ದರು ಸಾಹೇಬರು. ಆಕೆಯ ಕಾಲಿನ ವಿಷಯದಲ್ಲೂ ಇಲಾಖೆಯದೇ ಕೊನೆಯ ಮಾತು.

ಮುಂದಿನ ವಾರ ಮತ್ತೆ ಪರೀಕ್ಷೆಗೆ ಹೋಗಬಹುದಿತ್ತು. ಹೋಗಲಿಲ್ಲ. ಹೋದರೆ ಕಾಲು ತಾಗಿತ್ತು ಅಂತ ತಾನೇ ಒಪ್ಪಿಕೊಂಡ ಹಾಗೆ. ಗಾಡಿಯನ್ನು ತಳ್ಳಿಕೊಂಡು ಬಂದು ಮನೆಯ ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿ, ಮೇಲೆ ಹಳೇ ಹಾಸುಗಂಬಳಿ ಎಳೆದು, ಬೀಗದ ಕೈಯನ್ನು ತನ್ನ ಪೆಟ್ಟಿಗೆಗೆ ಸೇರಿಸಿದಳು. ಗಂಡನಿಗೂ ಮುಟ್ಟಗೊಡಲಿಲ್ಲ. ಆಮೇಲೆ ಇಪ್ಪತ್ತನಾಲ್ಕು ವರ್ಷ ಬೆಳಗಿನ ಪಾಳಿಗೆ ನಡೆದುಕೊಂಡು ಹೋದಳು, ಬೇರೆ ಪಾಳಿಗೆ ಬಸ್ ಸ್ಟಾಪಿನಲ್ಲಿ ನಿಂತಳು. ಆಕೆಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು, ಅದೂ ಈ ಮನುಷ್ಯನ ಬಾಯಿಂದ: ತಾಗಿರಲಿಲ್ಲ. ಇಷ್ಟು ಚಿಕ್ಕ ಮಾತು ಹೊರಡಲು ಇಷ್ಟು ವರ್ಷ ಬೇಕೆ ಅಂತ ಕೇಳಬೇಡಿ. ಪ್ರಾಮಾಣಿಕರ ಬಾಯಿಂದ ಸುಮ್ಮಸುಮ್ಮನೆ ಮಾತು ಹೊರಡುವುದಿಲ್ಲ.

ಅಕ್ಕ ನಿವೃತ್ತಿಯಾದ ದಿನ ಎಕ್ಸ್‌ಚೇಂಜಿನಲ್ಲಿ ಸಣ್ಣ ಸಮಾರಂಭ. ನಾಲ್ಕು ಜನ ಒಳ್ಳೆಯ ಮಾತಾಡಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ಕೆಲಸವಿಲ್ಲದವರು ಸಮಯ ನೋಡಿಕೊಳ್ಳಲಿ ಅಂತ ಇರಬೇಕು. ಕೊನೆಗೆ ಯಾರೋ ಪುಣ್ಯಾತ್ಮ, "ಸಾಹೇಬರೂ ಎರಡು ಮಾತಾಡ್ಲಿ" ಅಂದ. ಮೈಕು ಸಿಕ್ಕಮೇಲೆ ಕೇಳಬೇಕೆ! ಹೆಂಡತಿಯ ಮೂವತ್ತಾರು ವರ್ಷದ ನೌಕರಿಗೆ ಅರ್ಧ ನಿಮಿಷ, ಹೆಂಡತಿಯ ಎಡಗಾಲಿಗೆ ಹನ್ನೆರಡು ನಿಮಿಷ. ಜನ ಚಪ್ಪಾಳೆ ತಟ್ಟಿದರು. ಅಕ್ಕನ ಮೈ ಉರಿದುಹೋಯಿತು. ಮನೆಗೆ ಬಂದವಳು ಸೀರೆಯನ್ನೂ ಬದಲಾಯಿಸದೆ ಪೆಟ್ಟಿಗೆ ತೆರೆದು ಬೀಗದ ಕೈ ಹುಡುಕಿದಳು. ಅದೇ ಗಾಡಿಯಲ್ಲಿ, ಅದೇ ಮೈದಾನದಲ್ಲಿ, ಇವರ ಕಣ್ಣೆದುರಿಗೇ ಕಾಲು ತಾಗಿಸದೆ ಎಂಟು ಹಾಕಿ ತೋರಿಸುತ್ತೇನೆ, ಆಮೇಲೆ ಯಾವ ಮೈಕಿನಲ್ಲಿ ಏನು ಹೇಳುತ್ತಾರೋ ಹೇಳಲಿ ಅಂತ ತೀರ್ಮಾನಿಸಿಬಿಟ್ಟಳು.

ಗಾಡಿಯ ಗತಿ ನೋಡುವ ಹಾಗಿರಲಿಲ್ಲ. ಎರಡೂ ಟೈರು ಬಿರುಕುಬಿಟ್ಟು ನೆಲಕ್ಕೆ ಅಂಟಿದ್ದವು. ಟ್ಯಾಂಕಿನೊಳಗೆ ಪೆಟ್ರೋಲಿನ ಬದಲು ತುಕ್ಕು. ಸೈಲೆನ್ಸರ್ ಬಾಯಿಗೆ ಕಣಜದ ಹುಳು ಮಣ್ಣು ಮೆತ್ತಿತ್ತು. ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿಗಳು ಸಂಸಾರ ಹೂಡಿದ್ದವು, ಅದೂ ಎಂಥ ಹಾಸಿಗೆ ಹಾಸಿಕೊಂಡು! ಶೆಡ್ಡಿನಲ್ಲಿ ಕಟ್ಟಿಟ್ಟಿದ್ದ ಸಾಹೇಬರ ಹಳೇ ಕಾಯಿದೆ ಪುಸ್ತಕವನ್ನು ಹರಿದು ಮೆತ್ತೆ ಮಾಡಿಕೊಂಡಿದ್ದವು. ಆ ಪುಸ್ತಕ ಯಾರಿಗಾದರೂ ಉಪಕಾರಕ್ಕೆ ಬಂದದ್ದು ಅದೇ ಮೊದಲಿರಬೇಕು.

ಅಕ್ಕ ಕರೆಸಿದ ಮೆಕ್ಯಾನಿಕ್ಕನನ್ನು ಎಲ್ಲರೂ ಸ್ಪ್ಯಾನರ್ ಅಂತ ಕರೆಯುತ್ತಿದ್ದರು. ಐವತ್ತೈದು ದಾಟಿದ ಆಸಾಮಿ. ಅವನು ರಿಪೇರಿ ಮಾಡಿದ ಗಾಡಿಗಳನ್ನು ಸಾಹೇಬರು ಅದೆಷ್ಟು ಸಲ ವಾಪಸ್ಸು ಕಳಿಸಿದ್ದರೋ, ಲೆಕ್ಕ ಇಬ್ಬರಿಗೂ ತಪ್ಪಿತ್ತು.

"ಅಕ್ಕ, ಸಾಹೇಬ್ರ ಮನೆ ಗಾಡಿಗೆ ನಾನು ಕೈ ಹಾಕೋದಾ? ನನ್ನ ಕೆಲ್ಸ ಅವರಿಗೆ ಜನ್ಮದಲ್ಲಿ ಹಿಡಿಸಿಲ್ಲ" ಅಂದ.

"ಗಾಡಿ ಅವರದ್ದಲ್ಲ, ನಂದು. ಆರ್‌ಸಿ ಪುಸ್ತಕದಲ್ಲಿ ನನ್ನ ಹೆಸರಿದೆ ನೋಡು."

ಪುಸ್ತಕ ನೋಡಿದ. ಯಾಕೆ ಅಂತ ಕೇಳಿದ. ಅಕ್ಕ ಹೇಳಿದಳು. ಸ್ಪ್ಯಾನರ್ ಚಪ್ಪಲಿ ಬಿಟ್ಟು ಶೆಡ್ಡಿನೊಳಗೆ ಬಂದ. ಮಾರನೆಯ ದಿನದಿಂದ ಗ್ಯಾರೇಜ್ ಮುಚ್ಚಿದ ಮೇಲೆ ಸಂಜೆ ಇಲ್ಲೇ ಠಿಕಾಣಿ.

ಪಿಸ್ಟನ್ ಹಿಡಿದುಕೊಂಡುಬಿಟ್ಟಿತ್ತು, ಕಿಕ್ ಹೊಡೆದರೆ ಕಾಲೇ ವಾಪಸ್ಸು ಬರುತ್ತಿತ್ತು. ಪ್ಲಗ್ ಬಿಚ್ಚಿ ತೂತಿನಲ್ಲಿ ಡೀಸೆಲ್ ಸುರಿದು, ಐದು ದಿನ ಹಾಗೇ ಬಿಟ್ಟ. "ಬಲವಂತ ಮಾಡಬಾರದಕ್ಕ, ನೆನೀಲಿ" ಅಂದ. ಅಷ್ಟರಲ್ಲಿ ಅಕ್ಕನ ಕೈಗೆ ಟ್ಯಾಂಕು ಕೊಟ್ಟ: ಒಳಗೆ ಒಂದು ಹಿಡಿ ನಟ್ಟು, ಸೀಮೆಎಣ್ಣೆ; ಅಲ್ಲಾಡಿಸುವುದು, ಚೆಲ್ಲುವುದು, ಮತ್ತೆ ಅಲ್ಲಾಡಿಸುವುದು. ಆ ಗದ್ದಲಕ್ಕೆ ಸಾಹೇಬರ ಮಧ್ಯಾಹ್ನದ ನಿದ್ದೆ ಹಾರಿಹೋಯಿತು. ಅಕ್ಕ ಇನ್ನೆರಡು ಹಿಡಿ ನಟ್ಟು ಹಾಕಿಸಿಕೊಂಡಳು.

ಬರೀ ಎಬ್ಬಿಸಿ ನಿಲ್ಲಿಸಿದರೆ ಸಾಲದು, ಇವತ್ತಿನ ರಸ್ತೆಗೆ ಸರಿಹೋಗುವ ಹಾಗೆ ಮಾಡಬೇಕು ಅಂತ ಸ್ಪ್ಯಾನರ್ ಹೇಳಿದ. ಆರು ವೋಲ್ಟಿನ ವೈರಿಂಗು ಕಿತ್ತು ಹನ್ನೆರಡು ವೋಲ್ಟಿಗೆ ತಂದ. ಕಿಡಿ ಹೊತ್ತಿಸುವ ಹಳೇ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿದ, ಮಂಕು ದೀಪದ ಜಾಗಕ್ಕೆ ಎಲ್ಇಡಿ ಹಾಕಿದ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕೋಣ ಅಂದಾಗ, ಅದುವರೆಗೆ ಅಡುಗೆಮನೆಯ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದ ಸಾಹೇಬರಿಗೆ ತಡೆಯಲಾಗಲಿಲ್ಲ.

"ಕಂಪನಿ ಕೊಟ್ಟಿದ್ದನ್ನ ಹಾಗೆಲ್ಲ ಬದಲಾಯಿಸೋ ಹಾಗಿಲ್ಲ! ಅನುಮತಿ ಬೇಕು!"

"ಅರ್ಜಿ ಹಾಕಿದೀನಿ, ಅನುಮತಿ ಬಂದಿದೆ" ಅಂದಳು ಅಕ್ಕ, ಚೈನಿಗೆ ಎಣ್ಣೆ ಬಿಡುತ್ತಲೇ.

"ಈ ವಯಸ್ಸಲ್ಲಿ ಬಿದ್ದು ಕೈಕಾಲು ಮುರ್ಕೊಂಡ್ರೆ?"

"ಬಲಗಾಲು ಮುರಿದ್ರೆ ಪರವಾಗಿಲ್ಲ ಬಿಡಿ. ಎಡಗಾಲಿನ ಜವಾಬ್ದಾರಿ ಹೇಗೂ ಇಲಾಖೇದು."

ಸ್ಪ್ಯಾನರ್ ನಗು ಬಚ್ಚಿಡಲು ಗಾಡಿಯ ಕೆಳಗೆ ತೂರಿಕೊಂಡ. ಸಾಹೇಬರು ಒಳಗೆ ಹೋದವರು ಮತ್ತೆ ಶೆಡ್ಡಿನ ಕಡೆ ಸುಳಿಯಲಿಲ್ಲ. ಅದಾದ ಮೇಲೆ ಒಂದು ವಿಚಿತ್ರ ನಡೆಯಿತು: ಅವರು ಆ ಕಥೆ ಹೇಳುವುದನ್ನು ನಿಲ್ಲಿಸಿದರು. ಮನೆಗೆ ಬಂದ ಅವರ ತಂಗಿಯೇ ಕೆದಕಿ, "ಅಣ್ಣ, ಅತ್ತಿಗೇನ ಫೇಲ್ ಮಾಡಿದ್ಯಲ್ಲ, ಹೇಳೋ" ಅಂದರೂ ಪೇಪರಿನಲ್ಲಿ ಮುಖ ಹುದುಗಿಸಿದರು. ಅಕ್ಕ ಅದನ್ನು ಗಮನಿಸಿದಳು.

ಒಂದು ಭಾನುವಾರ ಗಾಡಿ ಸ್ಟಾರ್ಟ್ ಆಯಿತು. ಹನ್ನೊಂದು ಕಿಕ್ಕಿಗೆ ಕೆಮ್ಮಿತು, ಹದಿನಾಲ್ಕನೆಯದಕ್ಕೆ ಬಿಳೀ ಹೊಗೆ ಉಗುಳಿ ಗುಡುಗುಡು ಅಂತ ಶುರುವಾಯಿತು. ಶೆಡ್ಡಿನ ತಗಡು ನಡುಗಿತು. ಅಕ್ಕ ಹ್ಯಾಂಡಲ್ ಹಿಡಿದು ನಿಂತವಳು ಹೋ ಅಂತ ಅತ್ತುಬಿಟ್ಟಳು, ಅತ್ತು ನಕ್ಕಳು, ಮೂಗೊರೆಸಿಕೊಂಡು ಮುಖಕ್ಕೆಲ್ಲ ಗ್ರೀಸು ಬಳಿದುಕೊಂಡಳು. ಒಳಗೆ ಟೀವಿಯ ಸದ್ದು ಇದ್ದಕ್ಕಿದ್ದ ಹಾಗೆ ಜೋರಾಯಿತು.

ಲರ್ನರ್ಸ್ ಲೈಸೆನ್ಸ್ ಮಾಡಿಸಿ, ಎಕ್ಸ್‌ಚೇಂಜಿನ ಅದೇ ಹಿತ್ತಲಲ್ಲಿ ಎರಡು ತಿಂಗಳು ಎಂಟು ಹಾಕಿದಳು. ಡ್ರಮ್ಮುಗಳು ಹೋಗಿದ್ದವು, ಜಾಗ ಸಲೀಸಾಗಿತ್ತು, ಮಂಡಿ ಮಾತ್ರ ಮೊದಲಿನ ಹಾಗಿರಲಿಲ್ಲ. ಆದರೂ ಹತ್ತರಲ್ಲಿ ಒಂಬತ್ತು ಸಲ ಕಾಲು ತಾಗುತ್ತಿರಲಿಲ್ಲ.

ಪರೀಕ್ಷೆಯ ದಿನ ಅಕ್ಕ ಕರೆಯದೆಯೇ ಸಾಹೇಬರು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಹೊರಟು ನಿಂತರು. ಮೈದಾನದಲ್ಲಿದ್ದ ಇನ್‌ಸ್ಪೆಕ್ಟರ್ ಅವರ ಕೈಕೆಳಗೆ ಕೆಲಸ ಕಲಿತವನು, ನೋಡಿದ್ದೇ ಕುರ್ಚಿಯಿಂದ ಎದ್ದ.

"ಸಾರ್, ಮೇಡಮ್ಮಿಗೆ ಟೆಸ್ಟ್ ಯಾಕೆ ಸಾರ್? ಹೇಳಿ ಕಳಿಸಿದ್ರೆ ಸೈನ್ ಹಾಕಿ ಮನೆಗೇ ತಂದುಕೊಡ್ತಿದ್ದೆ!"

"ನನಗೆ ಟೆಸ್ಟೇ ಬೇಕು" ಅಂದಳು ಅಕ್ಕ. "ಸರಿಯಾಗಿ ನೋಡಪ್ಪ. ಕಾಲು ನೋಡು."

ಸರದಿಗೆ ನಿಂತಿದ್ದ ಮೂವತ್ತು ನಲವತ್ತು ಜನ ತಿರುಗಿದರು. ಗ್ಯಾರೇಜಿನವರೆಲ್ಲ ಬಂದಿದ್ದರು, ಸ್ಪ್ಯಾನರ್ ಸುದ್ದಿ ಮುಟ್ಟಿಸದೆ ಬಿಟ್ಟಾನೆಯೇ! ಅಕ್ಕ ಹೆಲ್ಮೆಟ್ ಬಿಗಿದು ಗೇರು ಹಾಕಿದಳು. ಮೊದಲ ಸುತ್ತು ಬೆಣ್ಣೆಯ ಹಾಗೆ ಹೋಯಿತು. ಎರಡನೆಯ ಸುತ್ತಿನ ಕಿರಿದಾದ ತಿರುವಿನಲ್ಲಿ ಎಂಜಿನ್ ಒಂದು ಕ್ಷಣ ಮುಗ್ಗರಿಸಿತು, ಗಾಡಿ ಎಡಕ್ಕೆ ವಾಲಿತು. ಆಕೆಯ ಎಡಗಾಲು ಕೆಳಗೆ ಹೋಗಿ, ಚಪ್ಪಲಿಯ ಅಂಚು ನೆಲ ಸವರಿ, ಮೇಲೆ ಬಂತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಉಳಿದದ್ದನ್ನು ಮುಗಿಸಿ ಬಂದು ನಿಂತಳು.

"ಫಸ್ಟ್ ಕ್ಲಾಸ್ ಮೇಡಂ!" ಇನ್‌ಸ್ಪೆಕ್ಟರ್ ಪೆನ್ನು ತೆಗೆದ. "ಪಾಸು."

"ತಾಗ್ಲಿಲ್ಲ, ತಾಗ್ಲೇ ಇಲ್ಲ!" ಅಂತ ಗ್ಯಾರೇಜಿನವರು ಕೂಗಿದರು.

"ತಾಗ್ತು."

ಹೇಳಿದವರು ಸಾಹೇಬರು. ಹೇಳಬೇಕು ಅಂತ ಹೇಳಿದ್ದಲ್ಲ. ಮೂವತ್ತೊಂದು ವರ್ಷದ ಅಭ್ಯಾಸ, ಬಾಯಿಂದ ಜಾರಿಬಿಟ್ಟಿತು. ಜಾರಿದ ಮೇಲೆ ತಾವೇ ಬೆಚ್ಚಿಬಿದ್ದರು. ಸ್ಪ್ಯಾನರ್ ಹಲ್ಲು ಕಚ್ಚಿಕೊಂಡ.

ಅಕ್ಕ ಹೆಲ್ಮೆಟ್ ತೆಗೆದಳು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. "ಹೌದು, ತಾಗ್ತು" ಅಂದಳು. "ಫೇಲ್ ಅಂತ ಬರಿಯಪ್ಪ." ಆಮೇಲೆ ಗಂಡನ ಕಡೆ ತಿರುಗಿದಳು. "ಇವತ್ತು ತಾಗಿದ್ದು ನನಗೆ ಗೊತ್ತಾಯ್ತು. ಅವತ್ತು ತಾಗಿದ್ರೆ ಅವತ್ತೂ ಗೊತ್ತಾಗ್ತಿತ್ತು. ಹೇಳಿ ಈಗ. ಅವತ್ತು?"

"ಅವತ್ತು ಹೆಡ್ ಆಫೀಸಿನ ಇಬ್ಬರು ಬಂದು ನಿಂತಿದ್ರು ಕಣೇ. ದಲ್ಲಾಳಿಗಳು ಬೇರೆ, ಹೆಂಡ್ತೀನ ಪಾಸ್ ಮಾಡ್ತೀನೇನೋ ಅಂತ ಕಾಯ್ಕೊಂಡು…"

"ಯಾರು ನಿಂತಿದ್ರು ಅಂತ ಕೇಳ್ಲಿಲ್ಲ. ಕಾಲಿನ ವಿಷಯ ಕೇಳ್ದೆ."

ಸಾಹೇಬರು ನೆಲ ನೋಡಿದರು. ಬೆವರು ಒರೆಸಿಕೊಂಡರು. "ತಾಗಿರ್ಲಿಲ್ಲ" ಅಂದರು.

ಈ ಮಾತು ಕೇಳಿದ ದಿನ ಹೇಗೆಲ್ಲ ಖುಷಿಪಡಬೇಕು ಅಂತ ಅಕ್ಕ ಬಸ್ ಸ್ಟಾಪಿನಲ್ಲಿ ನಿಂತು ಎಷ್ಟೋ ಸಲ ಯೋಚಿಸಿಕೊಂಡಿದ್ದಳು. ಈಗ ಖುಷಿಗಿಂತ ಮೊದಲು ನೆನಪಿಗೆ ಬಂದದ್ದು ಬೇರೆಯೇ: ಕತ್ತಲಲ್ಲಿ ನಡೆದ ಬೆಳಗುಗಳು, ಹಿಂದೆ ಬಿದ್ದ ನಾಯಿಗಳು, ತಪ್ಪಿಹೋದ ಬಸ್ಸುಗಳು, ಕೇಳಿಸಿಕೊಂಡ ಚಪ್ಪಾಳೆಗಳು. ಇಷ್ಟಕ್ಕಾ, ಅನ್ನಿಸಿತು. ಕಣ್ಣು ತುಂಬಿದ್ದನ್ನು ತೋಳಿನಿಂದ ಒರೆಸಿಕೊಂಡು, ಫೇಲ್ ಅಂತ ಬರೆದಿದ್ದ ತನ್ನ ಅರ್ಜಿಯನ್ನು ಇನ್‌ಸ್ಪೆಕ್ಟರನ ಕೈಯಿಂದ ತೆಗೆದುಕೊಂಡಳು. ಅದನ್ನು ಹಿಂಬದಿಗೆ ತಿರುಗಿಸಿ ಗಂಡನ ಮುಂದೆ ಹಿಡಿದಳು.

"ಬಾಯಲ್ಲಿ ಹೇಳಿದ್ದು ನಡಿಯಲ್ಲ ಅಂತ ನೀವೇ ಎಲ್ರಿಗೂ ಹೇಳ್ತಿದ್ರಿ. ಬರ್ದುಕೊಡಿ."

"ಇಲ್ಲೇನಾ? ಇಷ್ಟು ಜನದ ಮುಂದೆ…"

"ಅವತ್ತೂ ಇಷ್ಟೇ ಜನ ಇದ್ರು."

ಇನ್‌ಸ್ಪೆಕ್ಟರ್ ಹಾಗೇ ಕೈ ಚಾಚಿ ಪೆನ್ನು ಕೊಟ್ಟ. ಸಾಹೇಬರು ಮೋಟಾರ್‌ಸೈಕಲ್ಲಿನ ಸೀಟಿನ ಮೇಲೆ ಕಾಗದ ಇಟ್ಟುಕೊಂಡು ಬರೆದರು: ಅರ್ಜಿದಾರರ ಎಡಗಾಲು ನೆಲಕ್ಕೆ ತಾಗಿರಲಿಲ್ಲ, ನಾನು ಸುಳ್ಳು ಬರೆದಿದ್ದೆ. ಸಹಿ ಹಾಕಿದರು. ಅಕ್ಕ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ನಿಧಾನವಾಗಿ ಓದಿದಳು. ಓದಿ ವಾಪಸ್ಸು ಕೊಟ್ಟಳು.

"ತಾರೀಖಿಲ್ಲ. ಹೀಗೆ ತಗೊಳ್ಳೋಕಾಗಲ್ಲ."

ಗ್ಯಾರೇಜಿನವರು ಗೊಳ್ಳೆಂದು ನಕ್ಕರು. ಸಾಹೇಬರು ಮತ್ತೆ ಸೀಟಿನ ಮೇಲೆ ಬಾಗಿದರು. ಆ ಹಳೇ ಪರೀಕ್ಷೆ ಯಾವ ತಾರೀಖು ಅಂತ ಕೇಳುತ್ತಾರೆ ಅಂತ ಅಕ್ಕ ಕಾದಳು. ಆಕೆಗೇ ತಿಂಗಳು ನೆನಪಿತ್ತು, ಆ ದಿನದ ಬಿಸಿಲು ನೆನಪಿತ್ತು, ತಾರೀಖು ಮರೆತುಹೋಗಿತ್ತು. ಅವರು ಕೇಳಲಿಲ್ಲ. ತಲೆ ಎತ್ತದೆ, ಎಲ್ಲೂ ತಡೆಯದೆ ಅವತ್ತಿನ ತಾರೀಖು, ತಿಂಗಳು, ವರ್ಷ ಬರೆದರು; ಪಕ್ಕದಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ ಅಂತಲೂ ಸೇರಿಸಿದರು.