ಐವತ್ತೆರಡು ಸೀಟಿನ ಸಿಡಿ

ಇಳಕಲ್ಲಿನ ನಮ್ಮ ಓಣಿಗೆ ಬಂದು ಹುಸೇನಪೀರ ಎಲ್ಲಿದ್ದಾನೆ ಎಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ಕಂಡಕ್ಟರ್ ಪೀರಣ್ಣ ಎನ್ನಬೇಕು. ಇಪ್ಪತ್ತಮೂರು ವರ್ಷ ಹುಬ್ಬಳ್ಳಿ ಬಸ್ಸಿನಲ್ಲಿ ನಿಂತೂ ನಿಂತೂ ಮೊಣಕಾಲು ಸವೆಸಿಕೊಂಡು, ಎರಡು ಸಾವಿರನೇ ಇಸವಿಯಲ್ಲಿ ತಾನಾಗಿಯೇ ನಿವೃತ್ತಿ ತೆಗೆದುಕೊಂಡವನು. ಖಾಕಿ ಅಂಗಿ ಮೈಯಿಂದ ಇಳಿಯಿತು, ಸೀಟಿ ಮಾತ್ರ ಕೊರಳಿನಿಂದ ಇಳಿಯಲಿಲ್ಲ. ಸಂಸ್ಥೆ ಕೊಟ್ಟ ಸೀಟಿ ಗದ್ದಲದಲ್ಲಿ ಡ್ರೈವರನಿಗೆ ಕೇಳುವುದಿಲ್ಲವೆಂದು ಮೊದಲ ಪಗಾರದಲ್ಲೇ ಕೊಂಡುಕೊಂಡ ಹಿತ್ತಾಳೆಯ ಸೀಟಿ ಅದು. ಯಾರಿಗೂ ಮರಳಿಸಬೇಕಾದ್ದಲ್ಲ. ಊಟಕ್ಕೆ ಕುಳಿತಾಗಲೂ ಅದು ಕರಿ ದಾರದಲ್ಲಿ ಜೋತಾಡುತ್ತ ರೊಟ್ಟಿಯ ಯೋಗಕ್ಷೇಮ ವಿಚಾರಿಸುತ್ತಿತ್ತು.

ಕಂಡಕ್ಟರನಾಗಿ ಅವನದು ಒಂದೇ ಪಣ: ನಡುದಾರಿಯಲ್ಲಿ ಯಾರನ್ನೂ ಇಳಿಸುವುದಿಲ್ಲ. ಟಿಕೆಟ್ ತೆಗೆಯದವನು ಸಿಕ್ಕರೆ ಬಯ್ಯುತ್ತಿದ್ದ. ಆದರೆ ಬಯ್ಗುಳ ಮುಗಿಯುವ ಹೊತ್ತಿಗೆ ಆ ಮನುಷ್ಯನ ಊರು ಬಂದಿರುತ್ತಿತ್ತು.

ನಿವೃತ್ತಿಯ ಹಿಂದಿನ ವರ್ಷ ಹುಬ್ಬಳ್ಳಿಯ ಒಂದು ವಸ್ತುಪ್ರದರ್ಶನದಲ್ಲಿ ಅವನ ಕಣ್ಣಿಗೆ ಒಂದು ಡಬ್ಬಿ ಬಿತ್ತು. ಹಳೆಯ ಕಂಪ್ಯೂಟರ್ ಆಟಗಳನ್ನೆಲ್ಲ ಕೂಡಿಸಿ ಒಂದೇ ಸಿಡಿಯಲ್ಲಿ ತುಂಬಿದ್ದರು. ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಮಾರುವವನು, "ಅದ ಹಳೇದೈತ್ರಿ ಅಜ್ಜಾರ, ಹೊಸಾದ ತಗೋರಿ" ಎಂದ. ಆಗ ಪೀರಣ್ಣನಿಗೆ ನಲವತ್ತೇಳು. ಅಜ್ಜ ಎನ್ನಿಸಿಕೊಂಡ ಸಿಟ್ಟಿಗೋ ಏನೋ, ಡಬ್ಬಿಯ ಬೆನ್ನ ಮೇಲಿದ್ದ ಪಟ್ಟಿಯನ್ನು ಬೆರಳಿಟ್ಟು ಎಣಿಸಿದ. ಐವತ್ತೆರಡು ಆಟ. ಅವನ ಬಸ್ಸಿಗೂ ಐವತ್ತೆರಡೇ ಸೀಟು. ಮರುಮಾತಿಲ್ಲದೆ ಕೊಂಡು ತಂದ.

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಹೆಂಡತಿ ಕಾಸಿಂಬಿ ನೇಕಾರರ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವವಳು. ಬೆರಳಿನಷ್ಟೇ ನಾಲಗೆಯೂ ಚುರುಕು. ಸಿಡಿಯನ್ನು ಎತ್ತಿ ಮುಖ ನೋಡಿಕೊಂಡು ಹೇಳಿದಳು:

"ಭಾಳ ಚಲೋ ಆತು. ಬಸ್ಸಿಲ್ದ ಪ್ಯಾಸೆಂಜರ್ ಕರಕೊಂಡ ಬಂದೀರಿ."

ಬಸ್ಸು ಮರುವರ್ಷ ಸಿಕ್ಕಿತು. ಹಳೆಯ ಬಾಗಲಕೋಟೆಯ ಅಂಚಿಗೆ ಹಿನ್ನೀರು ಬಂದು, ಊರಿಗೆ ಊರೇ ಗಂಟುಮೂಟೆ ಕಟ್ಟಿ ನವನಗರಕ್ಕೆ ಹೊರಟಿದ್ದ ಕಾಲ. ಅಲ್ಲಿನ ಒಂದು ಕಂಪ್ಯೂಟರ್ ಕ್ಲಾಸಿನವರು ಹಳೆಯ ಮಶೀನನ್ನು ಹೊಸ ಕಟ್ಟಡಕ್ಕೆ ಒಯ್ಯಲು ನಾಚಿ ಇವನಿಗೆ ಕೊಟ್ಟುಬಿಟ್ಟರು. ಬಸ್ ಸ್ಟ್ಯಾಂಡಿನ ಹತ್ತಿರ ಅಂದಾನಪ್ಪ ಸಾಹುಕಾರರ ಖೋಲಿಯೊಂದನ್ನು ಬಾಡಿಗೆಗೆ ಹಿಡಿದು ಪೀರಣ್ಣ ಆಟದ ಅಂಗಡಿ ತೆರೆದ. ಗೋಡೆಯ ಮೇಲೆ ಒಂದು ಕಡೆ ಎರಡು, ಒಂದು ಕಡೆ ಮೂರು ಎಂದು ಬಸ್ಸಿನ ಸೀಟುಗಳನ್ನೇ ಬರೆದು, ಪ್ರತಿ ಸೀಟಿಗೂ ಒಂದೊಂದು ಆಟ ಕೂರಿಸಿದ. ಅಂದು ಯಾರಾದರೂ ಆಡಿದ ಸೀಟಿಗೆ ಸೀಮೆಸುಣ್ಣದ ಗೆರೆ. ಆಡುವವನ ಹೊತ್ತು ಮುಗಿದರೆ ಒಂದು ಸೀಟಿ.

ಎಲ್ಲರಿಗೂ ಬೇಕಾದದ್ದು ಏಳನೇ ಸೀಟು, ಕಾರು ಓಡಿಸುವ ಆಟ. ಪೀರಣ್ಣ ಅದಕ್ಕೊಂದು ಕಾನೂನು ಮಾಡಿದ್ದ: ಮೊದಲು ಅಂದು ಗೆರೆ ಬೀಳದ ಖಾಲಿ ಸೀಟೊಂದನ್ನು ಆಡಿ ತುಂಬಿಸಬೇಕು, ಆಮೇಲೆ ಏಳು. ಪವರ್‌ಲೂಮಿನ ಬಸವಂತ ದಿನಾ ಜಗಳ ತೆಗೆಯುತ್ತಿದ್ದ.

"ನನಗ ಕಾರ ಅಷ್ಟ ಬೇಕೋ ಮಾರಾಯಾ!"

"ಎಲ್ಲಾರಿಗೂ ಕಿಟಕಿ ಸೀಟ ಬೇಕಲೇ. ಬರೇ ಕಿಟಕಿ ಸೀಟ ಇರೂ ಬಸ್ಸ ಎಲ್ಲಿ ಐತಿ ಹೇಳು, ನಾನೂ ಹತ್ತತೇನಿ."

ಬಯ್ಯುತ್ತ ಬಯ್ಯುತ್ತಲೇ ಬಸವಂತ ಒಂದು ದಿನ ಮೂವತ್ತೊಂದನೇ ಸೀಟಿನ ಚದುರಂಗದ ಮುಂದೆ ಕುಳಿತ. ಮೂರು ವಾರದ ನಂತರ ಕಾರು ಕೇಳುವುದನ್ನೇ ಬಿಟ್ಟ. ಕಂಪ್ಯೂಟರಿನ ಮಂತ್ರಿಯನ್ನು ಹೊಡೆದ ದಿನ ಇಡೀ ಬಸ್ ಸ್ಟ್ಯಾಂಡಿಗೆ ಚಹಾ ಕುಡಿಸಿದ.

ನಲವತ್ತನಾಲ್ಕನೇ ಸೀಟು, ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಹೊಂದಿಸುವ ಆಟ, ಕಾಸಿಂಬಿಯದು. ಬುತ್ತಿ ಕೊಡಲು ಬಂದವಳು ಒಮ್ಮೆ ಕುಳಿತಳು. ಕಂಡಿಕೆ ಸುತ್ತಿದ ಬೆರಳು, ಇಟ್ಟಿಗೆ ಎಲ್ಲಿ ತಪ್ಪಿಸಿಕೊಂಡಾವು? ಗೆದ್ದವರ ಪಟ್ಟಿಯ ತುದಿಯಲ್ಲಿ ಅವಳ ಹೆಸರು ನಿಂತಿತು. ಆದರೆ ಆ ಪಟ್ಟಿ ಐದೇ ಇಂಗ್ಲಿಷ್ ಅಕ್ಷರ ಹಿಡಿಯುತ್ತಿದ್ದುದರಿಂದ "ಕಾಸಿಂ" ಎಂದಷ್ಟೇ ಉಳಿಯಿತು. ಹೀಗಾಗಿ ಕಾಸಿಂ ಎಂಬ ಒಬ್ಬ ಭಾರಿ ಆಸಾಮಿ ಹುನಗುಂದದಿಂದ ಯಾರಿಗೂ ಕಾಣದಂತೆ ಬಂದು ಆಡಿ ಹೋಗುತ್ತಾನೆಂದು ಊರಿನ ಪಡ್ಡೆಗಳು ನಂಬಿದ್ದರು. ಅವನನ್ನು ಕಂಡವರೂ ಇದ್ದರು.

ಖಾಲಿ ಉಳಿಯುತ್ತಿದ್ದುದು ಹತ್ತೊಂಬತ್ತನೇ ಸೀಟು ಮಾತ್ರ. ಬಿಡಿಬಿಡಿಯಾಗಿ ಬಿದ್ದ ಪೈಪುಗಳನ್ನು ಜೋಡಿಸಬೇಕು, ಜೋಡಿಸುವುದರೊಳಗೆ ನೀರು ಬಂದುಬಿಡುತ್ತದೆ. ಅದನ್ನು ಕಂಡರೆ ನಮ್ಮ ಓಣಿಯವರು ಮುಖ ತಿರುಗಿಸುತ್ತಿದ್ದರು. ನಳದ ಚಿಂತೆ ಮನೆಯಲ್ಲಿ ಸಾಲದೆಂದು ಇಲ್ಲಿಗೂ ಬರಬೇಕೇ ಎಂಬುದು ಅವರ ವಾದ.

ಮೊದಲ ಬೇಸಿಗೆಯಲ್ಲೇ ಆ ಸಿಡಿ ಬಿಸಿಲಿಗೆ ಬಿರುಕು ಬಿಟ್ಟಿತು. ಅಲ್ಲಿಂದ ಮುಂದೆ ಐವತ್ತೆರಡೂ ಆ ಹಳೆಯ ಮಶೀನಿನ ಹೊಟ್ಟೆಯಲ್ಲಷ್ಟೇ ಇದ್ದವು, ಬೇರೆಲ್ಲೂ ಇರಲಿಲ್ಲ. ಪೀರಣ್ಣ ದಿನಾ ಮುಂಜಾನೆ ಒಂದೊಂದನ್ನೂ ತೆರೆದು, ಇದೆಯೋ ಇಲ್ಲವೋ ನೋಡಿ ಮುಚ್ಚುತ್ತಿದ್ದ. ಅದಕ್ಕೆ ಅವನು ಇಟ್ಟ ಹೆಸರು ಚೆಕಿಂಗ್.

ಇನ್ನು ಅಂದಾನಪ್ಪ ಸಾಹುಕಾರರು. ಸೀರೆ ಅಂಗಡಿಯ ಮಾಲೀಕರು, ಒಂದು ಕಾಲಕ್ಕೆ ನಮ್ಮ ವಾರ್ಡಿನ ಸದಸ್ಯರು. ಓಣಿಗೆ ನಳ ಹಾಕಿಸುತ್ತೇನೆಂದು ಎರಡು ಚುನಾವಣೆ ಗೆದ್ದು, ಹಾಕಿಸದೆ ಮೂರನೆಯದು ಸೋತವರು. ಬಿರುದುಗಳು ಒಂದು ಮಗ್ಗುಲಿಗೆ ಹಿಡಿಯದೆ ವಿಸಿಟಿಂಗ್ ಕಾರ್ಡನ್ನು ಎರಡೂ ಮಗ್ಗುಲಿಗೆ ಅಚ್ಚು ಹಾಕಿಸಿದ್ದರು. ೨೦೦೪ರ ಒಂದು ಸೋಮವಾರ ಅಳಿಯ ಪ್ರಭುವನ್ನು ಹಿಂದಿಟ್ಟುಕೊಂಡು ಅಂಗಡಿಗೆ ಬಂದರು. ಪ್ರಭು ಕಂಪ್ಯೂಟರ್ ಕಲಿತವನು. ಅವನ ಕೈಯಲ್ಲಿ ಹೊಸ ಆಟವೊಂದರ ಮೂರು ಸಿಡಿಗಳಿದ್ದವು. ನಾನೂ ಅಲ್ಲೇ ಮಶೀನಿನ ಮುಂದೆ ಇದ್ದೆ, ಹಾವಿನ ಆಟದಲ್ಲಿ ಹಾವಿಗೆ ಹಣ್ಣು ತಿನ್ನಿಸುತ್ತಿದ್ದೆ.

"ಪೀರಣ್ಣ, ಶುಕ್ರವಾರ ನಮ್ಮ ಐವತ್ತನೇ ಹುಟ್ಟುಹಬ್ಬ. ಅವತ್ತ ಇಲ್ಲಿ ಹೈಟೆಕ್ ಆಟದ ಕೇಂದ್ರದ ಉದ್ಘಾಟನಾ. ಕಾರ್ಡ ಅಚ್ಚಾಗ್ಯಾವ."

"ಉದ್ಘಾಟಕರು ಯಾರ್ರಿ ಸಾವಕಾರ?"

"ನಾವ."

"ಅಧ್ಯಕ್ಷತಾ?"

"ಅದೂ ನಾವ. ಇಷ್ಟ ಲಗೂ ಬ್ಯಾರೆ ಯಾರ ಸಿಗತಾರ?"

ಪ್ರಭು ನನ್ನ ಹಾವನ್ನು ಅರೆಗಳಿಗೆ ನಿಲ್ಲಿಸಿ ಮಶೀನು ತಡಕಾಡಿ, ಮತ್ತೆ ಅದನ್ನು ಓಡಲು ಬಿಟ್ಟು ತಲೆ ಎತ್ತಿದ. "ಮಾವ, ಇದರಾಗ ಜಾಗಾ ಇಲ್ಲ. ಹಳೇವನ್ನೆಲ್ಲಾ ಅಳಸಬೇಕು."

"ಅಳಸು."

"ಎಷ್ಟ ಅಳಸತೀಪಾ?" ಪೀರಣ್ಣ ಕೇಳಿದ.

"ಐವತ್ತೆರಡೂ."

"ಒಬ್ಬಾಂವ ಹತ್ತಾಕ ಐವತ್ತೆರಡ ಮಂದಿ ಇಳೀಬೇಕೇನ್ರಿ ಸಾವಕಾರ? ಹೊಸಾದಕ್ಕ ಹೊಸಾ ಮಶೀನ ತರ್ರಿ. ಬಾಜೂಕ ಇಡೂಣು."

"ಈ ಹಾಳ ಸಾಮಾನಿನ ಬಾಜೂಕ ನನ್ನ ಹೊಸಾ ಮಶೀನ? ಬಂದ ಮಂದಿ ಏನಂದಾರು?" ಸಾಹುಕಾರರು ಗೋಡೆಯ ಹತ್ತಿರ ಹೋಗಿ ಉಂಗುರದ ಬೆರಳಿನಿಂದ ಹತ್ತೊಂಬತ್ತನ್ನು ಕುಕ್ಕಿದರು. "ಇದನ್ನ ಯಾವಾಗರ ಯಾರರ ಆಡ್ಯಾರೇನು?"

"ಇಲ್ರಿ."

"ಮತ್ತ ಯಾಕ ಬೇಕದು?"

"ಇವತ್ತ ಯಾರೂ ಕುಂತಿಲ್ಲಂತ ಬಸ್ಸಿನ ಸೀಟ ಕಿತ್ತ ಒಗೀತಾರೇನ್ರಿ? ನಾಳೆ ಕುಂದ್ರಾವ ಎಲ್ಲಿ ಕುಂದ್ರಬೇಕು?"

ಈ ಹೊತ್ತಿನಲ್ಲಿ, ನಾಲ್ಕು ಅಕ್ಷರ ಕಲಿಸುವವನೆಂಬ ಹಮ್ಮಿನಿಂದ, ನಾನು ನಡುವೆ ಬಾಯಿ ಹಾಕಿದೆ. ಚಲೋ ಇದ್ದ ಹತ್ತು ಇಟ್ಟುಕೊಂಡು ಉಳಿದವನ್ನು ತೆಗೆದರೆ ಇಬ್ಬರ ಮಾತೂ ನಡೆದಂತಾಯಿತಲ್ಲ ಎಂದೆ. ಪೀರಣ್ಣ ನನ್ನ ಕಡೆ ತಿರುಗಿದ. ಟಿಕೆಟ್ ಇಲ್ಲದವನನ್ನು ನೋಡುವ ನೋಟ.

"ಯಾವ ಹತ್ತ ಚಲೋ ಅನ್ನೂದು ಯಾರ ಹೇಳಬೇಕ್ರಿ ಮಾಸ್ತರ? ನೀವು ಮೂರ ವರ್ಷದಿಂದ ಆ ಹಾವೊಂದ ಬಿಟ್ಟ ಎದ್ದಿಲ್ಲ. ಆರಸಾಕ ಬಿಟ್ರ ಎಲ್ಲಾರೂ ತಮ್ಮ ತಮ್ಮ ಹತ್ತ ಆರಸತಾರ. ಹತ್ತೊಂಬತ್ತು ಯಾರ ಪಾಲಿಗೂ ಬರೂದಿಲ್ಲ. ಗಂಟ ಅಂದ ಮ್ಯಾಲೆ ಗಂಟ. ಬಿಚ್ಚಿದ್ರ ಅದು ಗಂಟಲ್ಲ."

ನಾನು ಹಾವಿನ ಕಡೆ ಕಣ್ಣು ಹಾಯಿಸಿದೆ. ಅದು ಗೋಡೆಗೆ ಬಡಿದು ಸತ್ತಿತ್ತು.

"ಹಂಗಾದ್ರ ಶುಕ್ರವಾರದೊಳಗ ಖೋಲಿ ಖಾಲಿ ಮಾಡು" ಎಂದರು ಸಾಹುಕಾರರು.

"ಮಾಡತೇನ್ರಿ."

ಉತ್ತರ ಇಷ್ಟು ಬೇಗ ಬರುತ್ತದೆಂದು ಅವರು ಎಣಿಸಿರಲಿಲ್ಲ. ಕಾಲಿಗೆ ಬಿದ್ದಾನು, ಎತ್ತಿದರಾಯಿತು ಎಂದು ಬಂದಿದ್ದರು. ಸಿದ್ಧವಾಗಿದ್ದ ಅರ್ಧ ಗದರಿಕೆ ಬಾಯಲ್ಲೇ ಉಳಿದು, ಅದನ್ನು ನುಂಗಲು ಪ್ರಭುವಿನ ಕೈಯಿಂದ ನೀರು ತರಿಸಿಕೊಂಡರು.

ಮನೆಯಲ್ಲಿ ಕಾಸಿಂಬಿ ಬಯ್ಯುತ್ತಾಳೆಂದು ನಾನು ಜತೆಗೆ ಹೋದೆ. ನಡೆದದ್ದನ್ನೆಲ್ಲ ಕೇಳಿಯೂ ಅವಳು ಕಂಡಿಕೆ ಸುತ್ತುವುದನ್ನು ನಿಲ್ಲಿಸಲಿಲ್ಲ.

"ಅಳಸಿದ್ರ ನನ್ನ ಹೆಸರೂ ಹೋಗತಿತ್ತಲ್ರಿ?"

"ಹೂಂ. ಆದ್ರ ಅರ್ಧ ಹೆಸರ ಐತಿ ನಿಂದು."

"ಅರ್ಧ ಆದ್ರೇನಾತು? ರೇಶನ್ ಕಾರ್ಡಿನ್ಯಾಗ ಮೊದಲ ನಿಮ್ಮ ಹೆಸರೈತಿ. ನಂದು ಎಲ್ಲಾರಕಿಂತ ಮ್ಯಾಲಿರೂದು ಅದರಾಗ ಒಂದ. ನಡೀರಿ, ನಮ್ಮ ಅಣ್ಣನ ಊರಿಗೆ ಹೋಗೂಣು."

ಅವಳ ಅಣ್ಣ ಅಮೀನಸಾಬನದು ಕುಳಗೇರಿ ಕ್ರಾಸಿನಲ್ಲಿ ಸೈಕಲ್ ಅಂಗಡಿ. ಗುರುವಾರವೇ ಮಶೀನು ಬಸ್ಸು ಹತ್ತಿತು. ಕಂಡಕ್ಟರ್ ರಾಜಮಹ್ಮದ ಒಂದು ಕಾಲಕ್ಕೆ ಪೀರಣ್ಣನ ಕೈಕೆಳಗೆ ಕೆಲಸ ಕಲಿತವನು. ಕಾಸಿಂಬಿಯ ತೊಡೆಯ ಮೇಲಿದ್ದ ಮಶೀನಿನ ಪೆಟ್ಟಿಗೆಗೆ ಲಗೇಜಿನ ಟಿಕೆಟ್ ಹಚ್ಚಲು ಅವನು ಒಪ್ಪಲಿಲ್ಲ.

"ಇರಲಿ ಬಿಡ್ರಿ ಪೀರಣ್ಣ, ನೀವ ನಮ್ಮ ಗುರುಗಳು."

"ಗುರು ಇದ್ದದ್ದಕ್ಕ ಹೇಳತೇನಿ, ಟಿಕೀಟ ಹರೀಲೇ! ಐವತ್ತೆರಡ ಮಂದಿ ಅದಾರ ಇದರಾಗ. ಪುಕ್ಕಟೆ ಕೂತು ಹೋಗಾವ್ರಲ್ಲ ಅವರು."

ಬಾದಾಮಿಗೆ ಇಳಿದು, ಬಸ್ಸು ಬದಲಿಸಿ, ಸಂಜೆಗೆ ಕ್ರಾಸು ಮುಟ್ಟಿದರು. ಅಮೀನಸಾಬನ ಅರ್ಧ ಅಂಗಡಿಯಲ್ಲಿ ಟೈರು, ಅರ್ಧದಲ್ಲಿ ಆಟ. ಗೋಡೆಯ ಮೇಲೆ ಮತ್ತೆ ಐವತ್ತೆರಡು ಸೀಟು.

ಕುಳಗೇರಿ ಕ್ರಾಸಿನಲ್ಲಿ ಎಲ್ಲರೂ ಬಸ್ಸಿಗಾಗಿ ಕಾಯುವವರೇ. ಬಾದಾಮಿಗೆ ಹೋಗುವವರು, ಹುಬ್ಬಳ್ಳಿಗೆ ಹೋಗುವವರು, ಶಿವಯೋಗ ಮಂದಿರಕ್ಕೆ ಹೊರಟವರು. ಇವರನ್ನೆಲ್ಲ ಇಪ್ಪತ್ತಮೂರು ವರ್ಷ ಬಸ್ಸಿನ ಬಾಗಿಲಿನಿಂದ ಕಂಡಿದ್ದ ಪೀರಣ್ಣನಿಗೆ ಒಂದು ಸಂಗತಿ ಈಗ ಹೊಳೆಯಿತು. ಹೊಸ ಆಟಕ್ಕೆ ಒಂದು ಸಂಜೆಯೇ ಬೇಕು. ಹಳೆಯದು ಮುಂದಿನ ಬಸ್ಸು ಬರುವುದರೊಳಗೆ ಮುಗಿಯುತ್ತದೆ. ಯಾರಿಗೆ ಎಷ್ಟು ಹೊತ್ತು ಉಂಟೋ ಅಷ್ಟೇ ಉದ್ದದ ಆಟ ಐವತ್ತೆರಡರಲ್ಲಿ ಒಂದಾದರೂ ಇದ್ದೇ ಇತ್ತು. ಬಾದಾಮಿ ಕಡೆಯ ಶಾಲೆಗೆ ಓಡಾಡುವ ಮಹಾನಂದಾ ಟೀಚರು ಬೀಳುವ ಅಕ್ಷರಗಳನ್ನು ಹೊಡೆಯುವ ಆಟದಲ್ಲಿ ಹತ್ತೂ ಬೆರಳಿನ ಟೈಪಿಂಗ್ ಕಲಿತರು. ಬಸ್ಸು ಬಂದರೆ ಪೀರಣ್ಣ ಸೀಟಿ ಊದುತ್ತಿದ್ದ, ಆಡುವವರು ಎದ್ದು ಓಡುತ್ತಿದ್ದರು. ಡ್ರೈವರರೂ ಆ ಹಳೆಯ ಸೀಟಿಯ ದನಿ ಬಲ್ಲವರು.

ಇಳಕಲ್ಲಿನಲ್ಲಿ ಸಾಹುಕಾರರ ಹೈಟೆಕ್ ಕೇಂದ್ರವೂ ಚೆನ್ನಾಗಿಯೇ ನಡೆದಿತ್ತೆಂದು ಹೇಳಬೇಕು. ಸುಳ್ಳು ಹೇಳಿ ಅದನ್ನು ಮುಳುಗಿಸುವುದು ನನಗೆ ಕಷ್ಟದ ಕೆಲಸವಲ್ಲ. ಆದರೆ ಪೀರಣ್ಣ ಒಪ್ಪುವುದಿಲ್ಲ.

ಎರಡು ವರ್ಷದ ಮೇಲೆ, ಒಂದು ಮಧ್ಯಾಹ್ನ ಅಂದಾನಪ್ಪನವರ ಕಾರು ಕ್ರಾಸಿನ ಹತ್ತಿರ ಹೊಗೆ ಬಿಟ್ಟು ನಿಂತಿತು. ಹುಬ್ಬಳ್ಳಿಯ ಜವಳಿ ವರ್ತಕರ ಸಭೆಯಲ್ಲಿ ಅವರಿಗೆ ಸನ್ಮಾನ. ಹೊದಿಸಲಿರುವ ಶಾಲು ಅವರ ಅಂಗಡಿಯದೇ ಆದ್ದರಿಂದ ಚೀಲದಲ್ಲಿ ಜತೆಗೇ ಇತ್ತು. ಪೀರಣ್ಣನನ್ನು ಕಂಡು ಮೊದಲು ಕಾಣದವರಂತೆ ನಿಂತರು. ಬಿಸಿಲು ನೆತ್ತಿಗೆ ಹತ್ತಿದ ಮೇಲೆ ಕಂಡವರಂತೆ ಒಳಗೆ ಬಂದರು.

"ಬರ್ರಿ ಸಾವಕಾರ, ಕುಂದರ್ರಿ. ಹುಬ್ಬಳ್ಳಿ ಬಸ್ಸಿಗೆ ಇನ್ನ ಅರ್ಧ ತಾಸ ಐತಿ."

"ಹೊತ್ತ ಹೋಗಬೇಕಲ್ಲಪಾ. ಆ ಕಾರಿಂದರ ಹಚ್ಚು."

"ಏಳು ಕೊಡತೇನ್ರಿ. ಮೊದಲ ಖಾಲಿ ಸೀಟ ಒಂದ ತುಂಬಸ್ರಿ."

"ಏನಲೇ, ನಾ ಯಾರು ಅನ್ನೂದ ಮರತಿಯೇನು?"

"ಇಲ್ರಿ. ಅದಕ್ಕ ಹತ್ತೊಂಬತ್ತು ಇಟ್ಟೇನಿ ನಿಮಗ."

ಬೇರೆ ಗತಿಯಿಲ್ಲದೆ ಸಾಹುಕಾರರು ಪೈಪು ಜೋಡಿಸಲು ಕುಳಿತರು. ಮೊದಲ ಸಲ ಎರಡು ಪೈಪು ಇಡುವುದರೊಳಗೆ ನೀರು ನುಗ್ಗಿ ಚೆಲ್ಲಿಹೋಯಿತು. ಎರಡನೇ ಸಲವೂ ಅಷ್ಟೇ. ಶಾಲಿನ ಚೀಲವನ್ನು ನೆಲಕ್ಕಿಟ್ಟು, ಅಂಗಿಯ ತೋಳು ಮಡಿಸಿದರು.

"ಇದೇನೋ ಇದು, ಜೋಡಸೂದರಾಗ ನೀರ ಬಂದ ಬಿಡತೈತಲ್ಲೋ!"

"ಆಟದಾಗರ ಬರತೈತ್ರಿ" ಎಂದಳು ಮೂಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದ ಕಾಸಿಂಬಿ.

ಆರನೇ ಸಲ ಪೈಪು ಒಂದಕ್ಕೊಂದು ಕೂಡತೊಡಗಿದವು. ಅದೇ ಹೊತ್ತಿಗೆ ಹೊರಗೆ ಹುಬ್ಬಳ್ಳಿ ಬಸ್ಸು ಬಂದು ನಿಂತಿತು. ಪೀರಣ್ಣ ಬಾಗಿಲಲ್ಲಿ ನಿಂತು ಒಂದು ಸೀಟಿ ಊದಿದ.

"ಬಸ್ಸ ಬಂತ್ರಿ ಸಾವಕಾರ."

"ನಿಂದರಸು. ಎರಡ ಪೈಪ ಉಳದಾವ."

"ಬಸ್ಸ ತುಂಬೈತ್ರಿ. ಮಂದಿ ಬಿಸಿಲಾಗ ಕುಂತಾರ. ಏಳ್ರಿ."

"ಅಂದಾನಪ್ಪ ಸಾವಕಾರ ಬರತಾರಂತ ಹೇಳು. ನಿಂದರತಾರ."

ಪೀರಣ್ಣ ಬಸ್ಸಿನ ಕಡೆ ನೋಡಿದ, ಸಾಹುಕಾರರ ಕಡೆ ನೋಡಿದ. ಸೀಟಿ ತುಟಿಗೆ ಇಟ್ಟುಕೊಂಡು ಎರಡು ಸಲ ಊದಿದ. ಎರಡೆಂದರೆ ಹೊರಡು ಎಂದು. ಡ್ರೈವರನ ಕಿವಿ ಆ ದನಿಗೆ ಎಷ್ಟೋ ವರ್ಷಗಳಿಂದ ಪಳಗಿತ್ತು. ಬಸ್ಸು ಧೂಳೆಬ್ಬಿಸಿ ಹೊರಟಿತು.

ಸಾಹುಕಾರರು ಎದ್ದು ಬಾಗಿಲಿಗೆ ಬರುವ ಹೊತ್ತಿಗೆ ಧೂಳೂ ಕೆಳಗಿಳಿದಿತ್ತು.

"ನನ್ನ ಬಿಟ್ಟ ಬಸ್ಸ ಕಳಿಸಿದ್ಯೇನಲೇ!"

ಪೀರಣ್ಣ ಸೀಮೆಸುಣ್ಣ ಹುಡುಕಿ, ಗೋಡೆಯ ಹತ್ತೊಂಬತ್ತನೇ ಸೀಟಿನ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದ. ಆ ಸೀಟಿಗೆ ಅದೇ ಮೊದಲ ಗೆರೆ.

"ನಾ ಯಾರನ್ನೂ ಇಳಸಿಲ್ರಿ ಸಾವಕಾರ. ನೀವ ಹತ್ತಲಿಲ್ಲ."